ಹಂಸಕ್ಕ ಮತ್ತು ನಿಂತಲ್ಲೇ ನಡುಗುವ ಕಾರು

"ಹಳೇ ಕಾರಿಗೆ ಕೊಚ್ಚಿಯಲ್ಲಿ ಒಬ್ಬರೇ ಡಾಕ್ಟರು ಸಾರ್, ಮಟ್ಟಾಂಚೇರಿಯ ಹಂಸಕ್ಕ."

ನಮ್ಮ ಬ್ಯಾಂಕಿನ ಕ್ಯಾಷಿಯರ್ ಹೀಗೆಂದಾಗ ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟೆ. ಹೆಂಗಸು! ಅದೂ ಕಾರು ಮೆಕ್ಯಾನಿಕ್ಕು! ಕೇರಳವೆಂದರೆ ಸುಮ್ಮನೆಯೇ? ನಮ್ಮ ಮೈಸೂರಿನಲ್ಲಿ ಇಂಥ ಒಬ್ಬ ಅಕ್ಕನನ್ನು ತೋರಿಸಿ ನೋಡೋಣ?

ಶನಿವಾರ ಮಧ್ಯಾಹ್ನ ಹೆಂಡತಿ ಶೈಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಶುಂಠಿ ಗೋದಾಮಿಗೆ ಅಂಟಿಕೊಂಡ ವರ್ಕ್‌ಶಾಪಿನ ಮುಂದೆ ಕಾರು ನಿಲ್ಲಿಸಿದೆ. (ನಿಲ್ಲಿಸಿದೆ ಎನ್ನುವುದು ನನ್ನ ದೊಡ್ಡಸ್ತಿಕೆ. ಅದೇ ನಿಂತಿತು.) ಲುಂಗಿ ಎತ್ತಿ ಕಟ್ಟಿದ, ಬಿಳಿ ಗಡ್ಡದ ಒಬ್ಬರು ಎದುರಿಗೆ ಬಂದರು. ನನ್ನ ಹರುಕು ಮಲಯಾಳಂನಲ್ಲಿ ಕೇಳಿದೆ.

"ಹಂಸಕ್ಕ ಚೇಚಿ ಉಂಡೋ?" ಹಂಸಕ್ಕ ಎಂಬ ಅಕ್ಕ ಇದ್ದಾರೆಯೇ ಅಂತ.

ವರ್ಕ್‌ಶಾಪಿನಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿದರು. ಶೈಲಾ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡಳು. ಗಡ್ಡದವರು ಎದೆ ಮುಟ್ಟಿಕೊಂಡು, "ಆ ಚೇಚಿ ನಾನೇ" ಎಂದರು.

ಅವರ ಹೆಸರು ಹಂಸ. ಇಲ್ಲಿ ಮುಸ್ಲಿಮರಲ್ಲಿ ಅಣ್ಣನಿಗೆ 'ಇಕ್ಕ' ಎನ್ನುತ್ತಾರೆ. ಎರಡೂ ಸೇರಿ ಹಂಸಕ್ಕ. ಇದು ಯಾವ ಸಂಧಿಯೋ ನನ್ನ ಕನ್ನಡ ಮೇಷ್ಟ್ರೇ ಹೇಳಬೇಕು. ನಾನಂತೂ ಇಕ್ಕಟ್ಟಿಗೆ ಸಿಕ್ಕಿಕೊಂಡೆ.

ಕಾರಿನ ವಿಷಯಕ್ಕೆ ಬರುತ್ತೇನೆ. ಅದು ನನ್ನ ಮಾವನವರದು. ಐವತ್ತರ ದಶಕದ, ಹಡಗಿನಲ್ಲಿ ಬಂದಿಳಿದ ಗುಂಡು ಕಾರು. (ಕಂಪನಿ ಹೆಸರು ಬೇಡ, ಪುಕ್ಕಟೆ ಜಾಹೀರಾತಾದೀತು.) ಮಾವ ಕೇಂದ್ರ ಸರ್ಕಾರದ ನೌಕರಿಯಲ್ಲಿ ತಿರುವನಂತಪುರದ ಪಟ್ಟಂನಲ್ಲೇ ಆಯುಷ್ಯ ಕಳೆದವರು. ಶೈಲಾ ಡ್ರೈವಿಂಗ್ ಕಲಿತಿದ್ದು ಇದರಲ್ಲೇ. ಅವರು ತೀರಿಕೊಂಡ ಮೇಲೆ ಕಾರು ಪಾಲಾರಿವಟ್ಟಂನ ನಮ್ಮ ಫ್ಲಾಟಿಗೆ ಬಂತು.

ಓಡುವಾಗ ತಕರಾರಿಲ್ಲ. ನಿಂತರೆ ಚಳಿಜ್ವರ ಬಂದವರ ಹಾಗೆ ನಡುಗುತ್ತದೆ. ನಡುಗಿ, ಕೆಮ್ಮಿ, ಆಫ್ ಆಗುತ್ತದೆ. ಪಾಲಾರಿವಟ್ಟಂ ಜಂಕ್ಷನ್ನಿನಲ್ಲಿ ನನ್ನ ಹಿಂದೆ ಬಾರಿಸದ ಹಾರನ್ ಇಲ್ಲ.

ಅಷ್ಟರಲ್ಲಿ ಒಬ್ಬ ರೆಸಾರ್ಟ್ ಮಾಲೀಕ ಗಂಟುಬಿದ್ದ. ಎಂಜಿನ್ ಕಿತ್ತು, ಬಾನೆಟ್ಟಿನೊಳಗೆ ಮಣ್ಣು ತುಂಬಿ, ಆಂಥೂರಿಯಂ ಗಿಡ ನೆಟ್ಟು, ಗೇಟಿನ ಪಕ್ಕ ಶೋಗೆ ಇಡುತ್ತಾನಂತೆ. ಸೋಮವಾರ ಕ್ರೇನ್ ತರುತ್ತೇನೆ ಎಂದ. ನಾನು ಹೂಂ ಎಂದೂ ಆಗಿತ್ತು.

ಶೈಲಾ ಜಗಳ ಆಡಲಿಲ್ಲ. ಅದೇ ಭಯ ಹುಟ್ಟಿಸಿದ್ದು. "ಒಂದೇ ಒಂದು ಸಲ ರೀ. ಪಟ್ಟಂವರೆಗೂ ನಾನೇ ಓಡಿಸ್ಕೊಂಡು ಹೋಗಿ ಅಮ್ಮನಿಗೆ ತೋರಿಸ್ಬೇಕು. ಹಂಸಕ್ಕನ ಕೈಲೂ ಆಗ್ಲಿಲ್ಲ ಅಂದ್ರೆ ಕೊಟ್ಬಿಡಿ. ನಾನು ತುಟಿ ಬಿಚ್ಚಲ್ಲ."

ಹೀಗೆ ಬಂದಿದ್ದು ನಾವು.

ಹಂಸಕ್ಕ ಎಂಜಿನ್ ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ ಕೇಳಿಸಿಕೊಂಡು, ನನ್ನ ಕಡೆ ತಿರುಗಿದರು. "ವಲಿ ಕುರವಾಣಲ್ಲೋ, ಸಾರೇ."

ವಲಿ ಎಂದರೆ ಸಿಗರೇಟು ಸೇದುವುದು ಅಂತ ಆಫೀಸಿನಲ್ಲಿ ಕಲಿತಿದ್ದೆ. ಕಡಿಮೆಯಾಗಿದೆಯಲ್ಲ ಎನ್ನುತ್ತಿದ್ದಾರೆ. ಎಷ್ಟು ಕಾಳಜಿ! "ಕಡಿಮೆ ಅಲ್ಲ, ಪೂರ್ತಿ ಬಿಟ್ಟಿದ್ದೇನೆ" ಎಂದೆ, ಹೆಮ್ಮೆಯಿಂದ.

ಮತ್ತೆ ನಗು. ಅವರು ಹೇಳಿದ್ದು ಎಂಜಿನ್ನಿನ ವಿಷಯ. ವಲಿ ಎಂದರೆ ಎಳೆತ. ಯೋಚಿಸಿದರೆ ನಮ್ಮಲ್ಲೂ ಹಾಗೇ ಅಲ್ಲವೇ? ಬೀಡಿಯನ್ನೂ ಸೇದುತ್ತೇವೆ, ಬಾವಿಯ ನೀರನ್ನೂ ಸೇದುತ್ತೇವೆ. ಎಂಜಿನ್ ಗಾಳಿ ಸೇದುತ್ತದೆ. ನಮ್ಮದು ಸರಿಯಾಗಿ ಸೇದುತ್ತಿಲ್ಲ.

ಹಂಸಕ್ಕ ಒಂದು ದುಂಡನೆಯ ಮೀಟರ್ ತಂದು ಅದರ ರಬ್ಬರ್ ನಳಿಗೆಯನ್ನು ಎಂಜಿನ್ನಿಗೆ ಸಿಕ್ಕಿಸಿದರು. ವ್ಯಾಕ್ಯೂಮ್ ಗೇಜ್ ಅಂತೆ. ಆಕ್ಸಿಲರೇಟರ್ ಒತ್ತದೆ ನಿಂತಾಗ ಕಾರ್ಬ್ಯುರೇಟರಿನ ಬಾಗಿಲು ಬಹುಪಾಲು ಮುಚ್ಚಿರುತ್ತದೆ. ಆದರೂ ಒಳಗಿನ ಪಿಸ್ಟನ್‌ಗಳು ಸೇದುತ್ತಲೇ ಇರುತ್ತವೆ. ಬಾಗಿಲ ಹಿಂದೆ ಒಂದು ಖಾಲಿ ಹುಟ್ಟುತ್ತದೆ. ಆ ಖಾಲಿ ಎಷ್ಟು ಗಟ್ಟಿಯೋ ಎಂಜಿನ್ ಅಷ್ಟು ಗಟ್ಟಿ. ಮುಳ್ಳು ಹತ್ತೊಂಬತ್ತು ಇಪ್ಪತ್ತರ ಹತ್ತಿರ ಇರಬೇಕು. ನಮ್ಮದು ಹನ್ನೆರಡರಲ್ಲಿ ಕೂತಿತ್ತು.

ನಾನು ಬೆಪ್ಪಾದೆ. ಏನೂ ಇಲ್ಲದ್ದನ್ನು ಅಳೆಯುವುದಕ್ಕೊಂದು ಮೀಟರ್! ಇಷ್ಟು ವರ್ಷ ಕಾರು ಓಡಿಸಿದ್ದೇನೆ. ಸುಮ್ಮನೆ ನಿಂತಾಗಲೂ ಎಂಜಿನ್ ಇಷ್ಟು ಬಲವಾಗಿ ಸೇದುತ್ತಿರುತ್ತದೆ ಎಂದು ಯಾರಿಗೆ ಗೊತ್ತಿತ್ತು?

"ಮುಳ್ಳು ಕುಣಿದರೆ ವಾಲ್ವ್ ಕೆಟ್ಟಿದೆ ಅಂತ. ಇದು ಕುಣಿಯುತ್ತಿಲ್ಲ, ಕೆಳಗೇ ನಿಂತಿದೆ" ಎಂದರು ಹಂಸಕ್ಕ. ಒಂದೋ ಟೈಮಿಂಗ್ ತಪ್ಪಿದೆ, ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆ. ಕಿಡಿಯ ಟೈಮಿಂಗ್ ನೋಡಿದರು, ಸರಿಯಿತ್ತು. ಗಾಳಿ ಹೋಗುವ ಪೈಪಿನ ಜೋಡಣೆಗಳ ಮೇಲೆಲ್ಲ ನೀರು ಬಿಟ್ಟು ನೋಡಿದರು. ತೂತಿದ್ದರೆ ನೀರು ಅದನ್ನು ಮುಚ್ಚಿ ಮುಳ್ಳು ಮೇಲೇಳಬೇಕು. ಅದು ಅಲುಗಲಿಲ್ಲ. ಕೊನೆಗೆ ಕೈ ಒರೆಸಿಕೊಂಡರು. "ಇನ್ನು ಎಂಜಿನ್ ಬಿಚ್ಚಬೇಕು. ಬಿಚ್ಚಿದರೆ ಪಾರ್ಟ್ಸ್ ಎಲ್ಲಿಂದ ತರಲಿ?"

ಶೈಲಾ ಇನ್ನೂ ನಡುಗುತ್ತಿದ್ದ ಕಾರಿನೊಳಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿದಳು. ನನಗೆ ಆಂಥೂರಿಯಂ ಕಣ್ಣಿಗೆ ಕಟ್ಟಿತು.

ಆಗ ಮಳೆ ಹಿಡಿಯಿತು. ಜೂನ್ ತಿಂಗಳ ಕೊಚ್ಚಿ, ಕೇಳಬೇಕೆ? ಶೈಲಾ ಅಭ್ಯಾಸಬಲದಿಂದ ವೈಪರ್ ಹಾಕಿದಳು. ಅದು ಗಾಜಿನ ಅರ್ಧದವರೆಗೆ ತೆವಳಿ ಮಲಗಿಬಿಟ್ಟಿತು.

ಅವಳು ಕಿಟಕಿಯಿಂದ ತಲೆ ಹೊರಹಾಕಿ, ತಾನು ಹುಟ್ಟಿ ಬೆಳೆದ ಊರಿನ ಮಲಯಾಳಂನಲ್ಲಿ ಕೂಗಿದಳು. "ಹಂಸಕ್ಕಾ, ಅಪ್ಪ ಇದ್ದಾಗ ಸಿಗ್ನಲ್ಲಲ್ಲಿ ನಿಂತರೆ ಈ ವೈಪರ್ ಹುಚ್ಚೆದ್ದು ಕುಣಿಯುತ್ತಿತ್ತು. ಏರು ಹತ್ತುವಾಗ ಮಾತ್ರ ಸುಸ್ತಾಗುತ್ತಿತ್ತು. ಈಗ ನಿಂತಾಗಲೂ ಸುಸ್ತು. ಮತ್ತೆ ಇಲ್ಲಿ, ಡ್ಯಾಶ್‌ಬೋರ್ಡ್ ಹಿಂದೆ, ಏನೋ ಉಸ್ ಅನ್ನುತ್ತಿದೆ."

(ಆ ಉಸ್ ನನಗೂ ದಿನಾ ಕೇಳುತ್ತಿತ್ತು. ಹೆಂಡತಿಯ ನಿಟ್ಟುಸಿರು ಎಂದುಕೊಂಡಿದ್ದೆ.)

"ಪಡಚ್ಚೋನೇ!" ಹಂಸಕ್ಕ ದೇವರನ್ನು ಕರೆದು ಹಣೆ ಚಚ್ಚಿಕೊಂಡರು. ಇಂಥ ಕಾರುಗಳಿಗೆಲ್ಲ ಜನ ಎಂದೋ ಕರೆಂಟಿನ ವೈಪರ್ ಹಾಕಿಸಿಬಿಟ್ಟಿದ್ದಾರೆ. ನಮ್ಮ ಮಾವ ಹಾಕಿಸಿರಲಿಲ್ಲ. ಇದರ ವೈಪರ್ ಓಡುವುದು ಎಂಜಿನ್ ಸೇದುವ ಅದೇ ಖಾಲಿಯ ಬಲದಿಂದ! ಅದಕ್ಕೆಂದೇ ಎಂಜಿನ್ನಿನಿಂದ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಒಂದು ರಬ್ಬರ್ ನಳಿಗೆ ಹೋಗಿದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬಾಗಿಲು ತೆರೆದು ಖಾಲಿ ಸಡಿಲವಾಗುತ್ತದೆ, ವೈಪರ್ ಸುಸ್ತಾಗುತ್ತದೆ.

ಹಂಸಕ್ಕ ಬಗ್ಗಿ ಆ ನಳಿಗೆಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದರು. ಅಷ್ಟೇ.

ನಡುಕ ನಿಂತಿತು. ಮುಳ್ಳು ನಿಧಾನಕ್ಕೆ ಮೇಲೆದ್ದು ಹತ್ತೊಂಬತ್ತಕ್ಕೆ ಹೋಗಿ ನಿಂತಿತು. ಎಂಜಿನ್ ಮಲಗಿದ ಮಗುವಿನಷ್ಟು ಮೆತ್ತಗೆ ಉಸಿರಾಡತೊಡಗಿತು. ಬೆರಳು ಬಿಟ್ಟರೆ ನಡುಕ, ಒತ್ತಿದರೆ ಶಾಂತ. ನನಗೆ ಮೈ ಜುಮ್ಮೆಂದಿತು. ಸತ್ಯವಾಗಿ ಹೇಳುತ್ತೇನೆ, ಕೈ ಮುಗಿಯಬೇಕೆನಿಸಿತು. ಯಾರಿಗೆ ಎಂದು ಕೇಳಿದರೆ ಗೊತ್ತಿಲ್ಲ. ಹಂಸಕ್ಕನಿಗೋ, ಶೈಲಾಗೋ, ಆ ಖಾಲಿಗೋ?

ಡ್ಯಾಶ್‌ಬೋರ್ಡಿನ ಹಿಂದೆ ನಳಿಗೆಯಲ್ಲಿ ಉಗುರಿನಷ್ಟು ಸೀಳು ಸಿಕ್ಕಿತು. ಬೇರೆ ನಳಿಗೆ ಹಾಕಿದರು.

ಭಾನುವಾರ ಮಳೆಯಲ್ಲೇ ತಿರುವನಂತಪುರಕ್ಕೆ ಹೊರಟೆವು. ದಾರಿಯುದ್ದಕ್ಕೂ ಶೈಲಾ ಡ್ರೈವರ್, ನಾನು ಪ್ಯಾಸೆಂಜರ್. ಸಿಗ್ನಲ್ ಕೆಂಪಾದಾಗ ಖುಷಿಪಟ್ಟವರು ಅವತ್ತು ಇಡೀ ಕೇರಳದಲ್ಲಿ ನಾವಿಬ್ಬರೇ ಇರಬೇಕು. ವೈಪರ್ ಕುಣಿತ ನೋಡಬೇಕಿತ್ತಲ್ಲ! ಪಟ್ಟಂನ ಮನೆ ಮುಂದೆ ಅತ್ತೆ ಕೊಡೆ ಹಿಡಿದು ಬಂದರು. ನಮ್ಮನ್ನು ನೋಡಲೇ ಇಲ್ಲ, ವೈಪರನ್ನು ನೋಡಿದರು. "ಆಫ್ ಮಾಡ್ಬೇಡ ಶೈಲೂ. ಸ್ವಲ್ಪ ಹೊತ್ತು ಹಾಗೇ ಇರ್ಲಿ" ಎಂದರು. ನಾವು ಹಾಗೇ ಕೂತಿದ್ದೆವು.

ರೆಸಾರ್ಟಿನವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ಗಾಡಿ ಓಡುತ್ತಾ? ಹಾಗಾದರೆ ನಮಗೆ ಬೇಡ" ಎಂದ.

ಮೊನ್ನೆ ಹಂಸಕ್ಕನ ಫೋನ್ ಬಂತು. ಇನ್ನೊಂದು ಹಳೇ ಕಾರು ಬಂದಿದೆಯಂತೆ. ನಿಂತಲ್ಲಿ ನಡುಗುತ್ತದಂತೆ. ನಾನು ಗಂಟಲು ಸರಿಮಾಡಿಕೊಂಡು, ಎಲ್ಲ ಬಲ್ಲವನಂತೆ, "ವಲಿ ಕುರವಾಣೋ?" ಎಂದು ಕೇಳಿದೆ.

ಹಂಸಕ್ಕ ನನ್ನ ಪ್ರಶ್ನೆಯನ್ನು ಬದಿಗಿಟ್ಟು ಕೇಳಿದರು: "ಸಾರೇ, ಚೇಚಿ ಉಂಡೋ?"