ಎರಡು ದಿನದಲ್ಲಿ ಎಂಟು ಇಯತ್ತೆ

ಗೋಕಾಕದ ಆ ಕಚೇರಿಯಲ್ಲಿ ನಾವು ನಾಲ್ವರು ಸೇರಿ ಮೊಬೈಲಿನಲ್ಲಿ ಗಣಿತ ಕಲಿಸುವ ತಂತ್ರಾಂಶವೊಂದನ್ನು ಮಾಡುತ್ತಿದ್ದೆವು. ಕಲಿಯುವವರಿಗೆ ತಕ್ಕಂತೆ ತಾನೇ ಬದಲಾಗುವುದು ಅದರ ಹೆಚ್ಚುಗಾರಿಕೆ. ತಪ್ಪು ಉತ್ತರಗಳು ಬಂದರೆ ಪ್ರಶ್ನೆಗಳ ಮಟ್ಟ ಇಳಿಯುವುದು, ಸರಿ ಬಂದರೆ ಏರುವುದು. ಆ ನಿಯಮ ಬರೆದವಳು ನಾನು. ಒಂದು ಮೊಬೈಲ್ ನಂಬರಿಗೆ ಒಬ್ಬ ವಿದ್ಯಾರ್ಥಿ ಎಂದು ಬರೆದವಳೂ ನಾನೇ. ನಾನು ಬೆಳೆದ ಮನೆಯಲ್ಲಿ ಆರು ಜನಕ್ಕೆ ಒಂದೇ ಮೊಬೈಲ್ ಇತ್ತು. ಅದನ್ನು ಹೇಗೆ ಮರೆತೆ ಎಂದು ಯಾರೂ ಕೇಳಲಿಲ್ಲ. ಉಳಿದ ಮೂವರ ಮನೆಗಳಲ್ಲೂ ಅಷ್ಟೇ ಇತ್ತು.

ಮಾಸ್ತರರು ಯಾರಿಗೂ ವಶೀಲಿ ಮಾಡಬಾರದೆಂದು, ಮಟ್ಟವನ್ನು ಕೈಯಿಂದ ತಿದ್ದುವ ದಾರಿಯನ್ನೇ ನಾವು ಇಟ್ಟಿರಲಿಲ್ಲ. ನಮ್ಮ ಸಾಹೇಬರು ಇದನ್ನು ಪ್ರಾಮಾಣಿಕತೆ ಎನ್ನುತ್ತಿದ್ದರು.

ಮೂಡಲಗಿಯಲ್ಲಿ ಹತ್ತನೇ ಇಯತ್ತೆಯವರಿಗೆ ಉಚಿತ ಗಣಿತ ತರಬೇತಿ ಶುರುವಾಗುವುದಿತ್ತು. ತಂತ್ರಾಂಶದಲ್ಲಿ ಹತ್ತರ ಮಟ್ಟ ಮುಟ್ಟಿದವರಿಗೆ ಮಾತ್ರ ಜಾಗ. ಪಟ್ಟಿ ಮುಚ್ಚುವ ಹಿಂದಿನ ದಿನ ಬೆಳಿಗ್ಗೆ ಮಸಗುಪ್ಪಿಯಿಂದ ತಾಯಿ ಮಗಳು ಬಂದರು. ಮಗಳು ಹತ್ತನೇ ಇಯತ್ತೆ. ಅವಳ ಮೊಬೈಲಿನಲ್ಲಿ ಒಂದು ಬುಟ್ಟಿ, ಅದರಲ್ಲಿ ಏಳು ಮಾವಿನಹಣ್ಣು, ಕೆಳಗೆ ‘ಎಷ್ಟಿವೆ?’ ಎಂಬ ಪ್ರಶ್ನೆ.

“ನಮ್ಮ ಸಣ್ಣಾಕಿ ಎರಡನೇ ಇಯತ್ತೆ ಅದಾಳ್ರಿ,” ತಾಯಿ ಹೇಳಿದರು. “ಸಾಲಿ ಬಿಟ್ಟ ಕೂಡ್ಲೆ ಮೊಬೈಲ್ ಆಕಿ ಕೈಯಾಗ. ಇಕಿ ಕೈಗೆ ಬರೂದ್ರಾಗ ಅದು ಮಾವಿನಹಣ್ಣಿಗೆ ಇಳದಿರತೈತಿ.”

ಹುಡುಗಿ ನೋಟುಬುಕ್ಕು ತಂದಿದ್ದಳು. ಹತ್ತರ ಲೆಕ್ಕಗಳೇ. ನಾನು ಹಾಳೆ ಹಾಳೆ ತಿರುವಿದೆ, ಎಲ್ಲ ಸರಿಯಿದ್ದವು. ಸಾಹೇಬರು ನೋಟುಬುಕ್ಕು ನೋಡದೆ ಮೊಬೈಲ್ ನೋಡಿದರು.

“ಸಿಸ್ಟಮ್ ಸುಳ್ಳ ಹೇಳೂದಿಲ್ಲ, ತಂಗಿ.”

“ಹೇಳೂದಿಲ್ಲ ಬಿಡ್ರಿ,” ಎಂದರು ತಾಯಿ. “ಆದರ ಮುಂದ ಯಾರ ಕುಂತಾರ ಅನ್ನೂದು ಅದಕ್ಕ ತಿಳಿಯೂದಿಲ್ಲಲ್ರಿ. ನಮ್ಮ ಎಮ್ಮಿಗೆ ತಿಳೀತೈತಿ. ಬ್ಯಾರೆ ಕೈ ಬಂದರ ಒದೀತೈತಿ.”

ಸಾಹೇಬರಿಗೆ ಒಂದು ಉಪಾಯ ಹೊಳೆಯಿತು. ಹುಡುಗಿ ಇಲ್ಲೇ ಕುಳಿತು ಎರಡರಿಂದ ಹತ್ತಕ್ಕೆ ಏರಬೇಕು. ನಾಳೆ ಸಂಜೆ ಐದರೊಳಗೆ.

ಅವಳು ಪಟಪಟ ಒತ್ತತೊಡಗಿದಳು. ನಾಲ್ಕಕ್ಕೆ ಬಂದವಳು ಒಮ್ಮೆಲೇ ಮೂರಕ್ಕೆ ಇಳಿದಳು. ಒಂದು ಉತ್ತರವೂ ತಪ್ಪಿರಲಿಲ್ಲ. ಆಗ ನನಗೆ ನಾನು ಬರೆದ ಇನ್ನೊಂದು ನಿಯಮ ನೆನಪಾಯಿತು: ಐದು ಸೆಕೆಂಡಿನೊಳಗೆ ಬಂದ ಉತ್ತರವನ್ನು ನಕಲು ಎಂದು ತಿಳಿಯತಕ್ಕದ್ದು.

“ಸಾವಕಾಶ ಒತ್ತವಾ,” ಎಂದೆ.

“ಯಾಕ್ರಿ ಅಕ್ಕಾರ? ಉತ್ತರ ಗೊತ್ತೈತಲ್ರಿ.”

“ಲಗೂನ ಗೊತ್ತಾದರ ಅದಕ್ಕ ಸಂಶಯ ಬರತೈತಿ.”

ಅವಳು ನನ್ನನ್ನು ನೋಡಿದಳು. ನಗಲಿಲ್ಲ. ಆಮೇಲೆ ಪ್ರತಿ ಪ್ರಶ್ನೆಗೂ ಗೋಡೆಯ ಗಡಿಯಾರ ನೋಡಿ, ತುಟಿಯಲ್ಲೇ ಆರು ಎಣಿಸಿ, ಒತ್ತಿದಳು. ಎರಡೂ ದಿನ ನಾನು ಪಕ್ಕದಲ್ಲಿ ಕುಳಿತಿದ್ದೆ. ಎರಡನೆಯ ದಿನ ಮಧ್ಯಾಹ್ನ ಅವಳಿಗಿನ್ನೂ ಏಳು. ನಾಲ್ಕು ಐವತ್ತೆರಡಕ್ಕೆ ಹತ್ತು ಬಂತು. ಪರದೆಯ ಮೇಲೆ ಹೂವು ಉದುರಿದವು. ಪಟ್ಟಿಯಲ್ಲಿ ಅವಳ ಹೆಸರು ಮೂಡಿತು.

“ಇನ್ನ ನಮ್ಮ ಸಣ್ಣಾಕಿ ಮುಟ್ಟಬಹುದ್ರಿ?” ಎಂದು ಕೇಳಿದಳು.

ತೆರೆದಾಗಲೆಲ್ಲ ‘ಯಾರು ಕುಳಿತಿದ್ದೀರಿ?’ ಎಂದು ಕೇಳುವ ಒಂದು ಪುಟ ಸೇರಿಸೋಣ, ಅರ್ಧ ದಿನದ ಕೆಲಸ ಎಂದು ಮರುದಿನ ಸಾಹೇಬರಿಗೆ ಹೇಳಿದೆ. ಮೊದಲು ಹುಕ್ಕೇರಿಯ ಸಭೆ ಮುಗಿಯಲಿ ಎಂದರು.

ಹುಕ್ಕೇರಿಯಲ್ಲಿ ಹೆಡ್‌ಮಾಸ್ತರರು ತುಂಬಿದ ಸಭಾಂಗಣ. ಸಾಹೇಬರು ಪರದೆಯ ಮೇಲೆ ಒಂದೇ ಒಂದು ಗೆರೆ ತೋರಿಸಿದರು. ಅದು ಗೋಡೆಗೆ ಒರಗಿಸಿದ ನಿಚ್ಚಣಿಕೆಯಂತೆ ಮೇಲೇರಿತ್ತು.

“ಒಬ್ಬ ಹುಡುಗಿ, ಎರಡ ದಿನದಾಗ ಎಂಟ ಇಯತ್ತೆ! ನಮ್ಮ ಪ್ಲಾಟ್‌ಫಾರ್ಮಿನ ತಾಕತ್ತು.”

ಕಣಗಲಾ ಕಡೆಯ ಹಿರಿಯ ಮಾಸ್ತರರೊಬ್ಬರು ಎದ್ದರು. “ಆ ಹುಡುಗಿ ಮಾತ ಕೇಳೂಣು. ಫೋನ್ ಹಚ್ರಿ.”

ಸಾಹೇಬರು ನನಗೆ ಸನ್ನೆ ಮಾಡಿದರು. ಸ್ಪೀಕರಿಗೆ ಹಾಕಿ ಹಚ್ಚಿದೆ. ತಾಯಿ ಎತ್ತಿದರು.

“ಆಕಿ ಮೂಡಲಗಿ ಕ್ಲಾಸಿಗೆ ಹೋಗ್ಯಾಳ್ರಿ. ಮೊಬೈಲ್ ಮನ್ಯಾಗ ಬಿಟ್ಟಾಳ. ಅಲ್ಲಿ ಸರ್ ಬೋರ್ಡಿನ ಮ್ಯಾಲ ಬರದ ಹೇಳತಾರಂತ, ಚೊಲೋ ತಿಳೀತೈತಿ ಅಂದ್ಳು.”

ಸಾಹೇಬರು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಮಾತು ಕತ್ತರಿಸಿದರು. “ನೋಡ್ರಿ, ಕಲಿಯೂ ಹುಚ್ಚು ಹೆಂಗ ಹಿಡಿಸೈತಿ!”

ಚಪ್ಪಾಳೆ ಬಿತ್ತು. ಹಿರಿಯ ಮಾಸ್ತರರು ಮಾತ್ರ ಕುಳಿತುಕೊಳ್ಳಲಿಲ್ಲ, ನನ್ನತ್ತಲೇ ನೋಡುತ್ತ ನಿಂತಿದ್ದರು. ನಾನು ಪರದೆಯ ಮೇಲೆ ಮುಂದಿನ ಚಿತ್ರ ಹಾಕಿದೆ.