ಮಿಷನ್ನಿನ ಕೆಳಗಿನ ಬಣ್ಣ

ಬಡಗಿ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಮನೆಯಲ್ಲಿ ಒಬ್ಬನೇ ಇದ್ದ.

ಕರಿ ಅಕ್ರೋಟಿನ ಮರವೆಂದರೆ ಅವನಿಗೆ ಪ್ರಾಣ. ಉಳಿಯೊಡನೆ ಹಟ ಮಾಡುವುದಿಲ್ಲ, ಚೆನ್ನಾಗಿ ಒಣಗಿದ ಮೇಲೆ ಸೊಟ್ಟಗಾಗುವುದಿಲ್ಲ ಎನ್ನುತ್ತಿದ್ದ. ಮದುವೆಯಾದ ವರ್ಷ ಅದರಲ್ಲೇ ಹೆಂಡತಿಗೊಂದು ಮೇಜು ಮಾಡಿ ಕಿಟಕಿಯ ಪಕ್ಕ ಇಟ್ಟ. ಅವಳು ಅದರ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡು ಬೀದಿಯ ಅರ್ಧ ಜನಕ್ಕೆ ಅಂಗಿ ಹೊಲಿದಳು. ಎಷ್ಟೋ ಮರಗಳು ಹಳತಾದಂತೆ ಕಪ್ಪಾಗುತ್ತವೆ. ಇದು ಬಿಸಿಲಿಗೆ ತಿಳಿಯಾಗುತ್ತ ಬರುತ್ತದೆ.

"ಇದೇನಣ್ಣಾ, ನಿನ್ನ ಮರಕ್ಕೆ ವಯಸ್ಸಾದ್ರೆ ಬೆಳ್ಳಗಾಗತ್ತಾ?" ಎಂದು ತಂಗಿ ಕೆಣಕುತ್ತಿದ್ದಳು.

"ನನ್ನ ತಲೆ ನೋಡೇ. ಅದೂ ಅದೇ ಜಾತಿ."

ಹೆಂಡತಿ ತೀರಿಹೋದ ಮೇಲೂ ಮಿಷನ್ ಅಲ್ಲೇ ಇತ್ತು. ಈಚೆಗೆ ತಂಗಿ ತನ್ನ ಮಗಳಿಗೆಂದು ಕೇಳಿದಳು, ಇಲ್ಲವೆನ್ನಲಾಗದೆ ಕೊಟ್ಟ. ಎತ್ತಿದಾಗ ಕೆಳಗೆ, ಬೆಳಕು ಬೀಳದ ಜಾಗದಲ್ಲಿ, ಮದುವೆಯ ವರ್ಷದ ಕಡುಗಂದು ಹಾಗೇ ಇತ್ತು. ಅದೂ ಮಾಸಿದರೆ ಅವಳು ಕೂತಿದ್ದ ಗುರುತೇ ಉಳಿಯದೆಂದು ಅದಕ್ಕೆ ಕಂಬಳಿ ಹೊದಿಸಿದ, ಕಿಟಕಿಯನ್ನೂ ಮುಚ್ಚಿದ. ಹಗಲಲ್ಲೂ ದೀಪ ಹಾಕಿಕೊಂಡು ಒಬ್ಬನೇ ಉಣ್ಣುತ್ತಿದ್ದ.

ಸೋಮವಾರ ತಂಗಿಯ ಮಗಳು ಆ ಮಿಷನ್ನಿನಲ್ಲಿ ಅವನಿಗೇ ಒಂದು ಅಂಗಿ ಹೊಲಿದು ತಂದಳು.

"ಮಾವಾ, ಈ ಗವಿಯಲ್ಲಿ ಏನು ಕಾಣತ್ತೆ? ತೋಳು ಸೊಟ್ಟ ಇದ್ಯಾ ನೋಡು."

ಅವನು ಕಿಟಕಿ ತೆರೆದು ನೋಡಿದ.

"ಸೊಟ್ಟಾನೇ. ನಿಮ್ಮತ್ತೆ ಹೊಲಿದ ಮೊದಲನೇದೂ ಥೇಟ್ ಹೀಗೇ ಇತ್ತು ಕಣೇ."

ಅವಳು ಹೋದ ಮೇಲೆ ಅವನು ಕಿಟಕಿ ಮುಚ್ಚಲಿಲ್ಲ. ಆ ಅಂಗಿ ತೊಟ್ಟುಕೊಂಡು, ಕಂಬಳಿ ತೆಗೆದು ಮಡಿಸಿಟ್ಟು, ಮೇಜನ್ನು ಬಿಸಿಲಿಗೆ ಎಳೆದ.