ವಿಮಾನದ ಬಾಲದ ಮೇಲೆ ಕೂತವರು

ನಮ್ಮಪ್ಪನನ್ನು ನೋಡಿ ಒಬ್ಬ ಮನುಷ್ಯ ನಕ್ಕ. ನಮ್ಮ ಮನೆಯ ಕೇಸರಿಬಾತನ್ನು ಬಾಯಿ ತುಂಬ ಇಟ್ಟುಕೊಂಡೇ ನಕ್ಕ. ಐವತ್ತರ ದಶಕದ ಆ ಮಧ್ಯಾಹ್ನ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ.

ಅವತ್ತು ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ನಾವಿನ್ನೂ ಚಾಮರಾಜಪೇಟೆಯ ವಠಾರದಲ್ಲಿದ್ದೆವು. ನಕ್ಕವನು ಹುಡುಗನ ಸೋದರಮಾವ, ಸರ್ಕಾರಿ ಕಚೇರಿಯೊಂದರ ಹೆಡ್ ಕ್ಲಾರ್ಕು. ಯುದ್ಧದ ಕಾಲದಲ್ಲಿ ಎಲ್ಲಿದ್ದಿರಿ ಎಂದು ಅವನೇ ಅಪ್ಪನನ್ನು ಕೇಳಿದ. ಪಾಪ, ಅಪ್ಪ ಹೇಳಿದರು. ಮೋಟಾರು ರಿಪೇರಿ ಕಲಿಯಲು ಇಂಗ್ಲೆಂಡಿಗೆ ಹೋಗಿದ್ದು, ಯುದ್ಧ ಶುರುವಾದಾಗ ಅಲ್ಲೇ ವಿಮಾನಪಡೆಯಲ್ಲಿ ಫಿಟ್ಟರ್ ಆಗಿದ್ದು, ಉತ್ತರದ ತುದಿಯಲ್ಲಿರುವ ಐಸ್‌ಲ್ಯಾಂಡ್ ದ್ವೀಪವನ್ನು ಕಾಯುವ ಸಣ್ಣದೊಂದು ಯುದ್ಧವಿಮಾನಗಳ ತುಕಡಿಗೆ ಸೇರಿದ್ದು, ಎಲ್ಲವನ್ನೂ.

"ಅಲ್ಲಿನ ಗಾಳಿ ಅಂದ್ರೆ ಏನಂತೀರಿ! ನೆಲದ ಮೇಲೆ ಓಡ್ತಿರೋ ವಿಮಾನಾನೇ ಮಗುಚಿ ಹಾಕ್ತಿತ್ತು. ಅದಕ್ಕೆ ನಾವು ಭಾರಕ್ಕೆ ಅಂತ ಬಾಲದ ಮೇಲೆ ಕೂತ್ಕೋತಿದ್ವಿ. ಮೇಲೇರೋ ಮುಂಚೆ ಇಳಿದುಬಿಡ್ತಿದ್ವಿ."

"ವಿಮಾನದ ಬಾಲದ ಮೇಲಾ? ಅದೇನು ಎತ್ತಿನ ಗಾಡೀನೇನ್ರೀ?" ಎಂದ ಆ ಮನುಷ್ಯ. "ಆ ತುಕಡಿ ಹೆಸರು ಯಾವ ಪುಸ್ತಕದಲ್ಲಿದೆ, ತೋರ್ಸಿ ನೋಡೋಣ."

"ಅದು ಇದ್ದಿದ್ದೇ ಆರು ತಿಂಗಳು ಸಾರ್. ಆಮೇಲೆ ಮುಚ್ಚಿಬಿಟ್ರು. ಅದಕ್ಕೆ ಮುಂಚೆ ಅಲ್ಲಿದ್ದ ತುಕಡೀನೂ ಹಾಗೇ ಆಯ್ತು."

"ಆರು ತಿಂಗಳ ತುಕಡಿ! ಒಳ್ಳೇ ರೈಲು ಬಿಡ್ತೀರಿ ಬಿಡಿ."

ಎಲ್ಲರೂ ನಕ್ಕರು, ಹುಡುಗನೂ ನಕ್ಕ. ಬುರುಡೆ ಬಿಡುವವರ ಮನೆಯ ಸಂಬಂಧ ಬೇಡವಂತೆ ಎಂದು ವಾರದೊಳಗೆ ಸುದ್ದಿ ಬಂತು.

ಹುಡುಗ ಹೋದರೆ ಹಾಳಾಗಿ ಹೋಗಲಿ. ಆದರೆ ಅಪ್ಪ ದ್ವೀಪದ ಕಥೆ ಹೇಳುವುದನ್ನೇ ಬಿಟ್ಟರು. ಮೊದಲೆಲ್ಲ ಅದಿಲ್ಲದೆ ಅವರ ಸಂಜೆಯ ಕಾಫಿ ಇಳಿಯುತ್ತಿರಲಿಲ್ಲ. ಸೂರ್ಯ ಮುಳುಗದ ಬೇಸಿಗೆ, ಕೊರೆಯುವ ಬೆಳಗಿನಲ್ಲಿ ಸ್ಟೌವಿನ ಮೇಲೆ ಕಾಯಿಸಿ ಇಂಜಿನ್ನಿಗೆ ಸುರಿದ ಎಣ್ಣೆ, ಎಲ್ಲ ನಮಗೆ ಬಾಯಿಪಾಠವಾಗಿತ್ತು. ವಠಾರದ ಮಕ್ಕಳು ಬಂದು ಬಾಲದ ಕಥೆ ಹೇಳಿ ಎಂದು ಪೀಡಿಸಿದರೆ ಈಗ ಅಪ್ಪ, "ಹೋಗ್ರೋ, ಅದೆಲ್ಲ ಸುಳ್ಳು ಕಣ್ರೋ" ಎನ್ನುತ್ತಿದ್ದರು. ಸುಳ್ಳಂತೆ! ಈ ಕಿವಿಯಲ್ಲೇ ಕೇಳಿದೆ. ಆ ಮನುಷ್ಯನ ಬಾಯಿ ಮುಚ್ಚಿಸದಿದ್ದರೆ ನಾನು ಇವರ ಮಗಳೇ ಅಲ್ಲ ಎಂದುಕೊಂಡೆ.

ಅಪ್ಪನ ಟ್ರಂಕಿನಲ್ಲಿ ಆ ತುಕಡಿಯ ಪೈಲಟ್ ಒಬ್ಬ ಯುದ್ಧ ಮುಗಿದ ವರ್ಷ ಕಳಿಸಿದ್ದ ಕ್ರಿಸ್‌ಮಸ್ ಕಾರ್ಡಿತ್ತು. ಆಮೇಲೆ ಅವನ ಸುದ್ದಿಯೇ ಇರಲಿಲ್ಲ. ಕಾರ್ಡಿನ ಮೇಲಿದ್ದ ವಿಳಾಸಕ್ಕೆ ನಾನು ಕದ್ದು ಕಾಗದ ಬರೆದೆ. ನಾನು ಪಾಠ ಹೇಳುತ್ತಿದ್ದ ಶಾಲೆಯ ವಿಳಾಸ ಕೊಟ್ಟೆ. ಮೂರು ತಿಂಗಳಿಗೆ ಉತ್ತರ ಬಂತು. ಅಷ್ಟರಲ್ಲಿ ನಾವು ರಾಜಾಜಿನಗರದ ಹೊಸ ಮನೆಗೆ ಬಂದಿದ್ದೆವು.

ತುಕಡಿ ಇದ್ದದ್ದು ನಿಜ, ಆರು ತಿಂಗಳಿಗೆ ಮುಚ್ಚಿದ್ದೂ ನಿಜ ಎಂದು ಪೈಲಟ್ ಬರೆದಿದ್ದ. ಅಪ್ಪ ನಮಗೂ ಹೇಳದ ಒಂದು ಸಂಗತಿಯೂ ಅದರಲ್ಲಿತ್ತು. ಒಂದು ದಿನ ಅವನು ಅವಸರದಲ್ಲಿ, ಅಪ್ಪ ಬಾಲದಿಂದ ಇಳಿಯುವ ಮೊದಲೇ ವಿಮಾನ ಎತ್ತಿಬಿಟ್ಟನಂತೆ. ಹತ್ತಡಿ ಮೇಲೆದ್ದ ಮೇಲೆ ಗೊತ್ತಾಗಿ ಹೇಗೋ ಇಳಿಸಿದನಂತೆ. ಅಪ್ಪ ಯಾರಿಗೂ ದೂರು ಹೇಳದೆ ಅವನ ಕೆಲಸ ಉಳಿಸಿದ್ದರು. ಕೊನೆಯಲ್ಲಿ, ನನಗೆ ಮೈ ಸ್ವಸ್ಥವಿಲ್ಲ, ಬೇಗ ಒಂದು ಸಾಲು ಬರೆಯಲು ನಿಮ್ಮಪ್ಪನಿಗೆ ಹೇಳು ಎಂದಿದ್ದ.

ನಾನು ಹೇಳಲಿಲ್ಲ. ಅಪ್ಪನ ಸ್ವಭಾವ ನನಗೆ ಗೊತ್ತು. ಓದಿ ಕಣ್ಣೊರೆಸಿಕೊಂಡು, ಇನ್ನು ಆ ನಕ್ಕವನ ಸುದ್ದಿ ಯಾಕೆ ಬಿಡೇ ಎಂದು ನನ್ನ ಸೇಡಿಗೆ ನೀರು ಸುರಿಯುತ್ತಿದ್ದರು. ಮೊದಲು ಆ ಹೆಡ್ ಕ್ಲಾರ್ಕು ಸಿಗಲಿ, ಅವನೆದುರಿಗೇ ಓದುತ್ತೇನೆ ಎಂದು ಕಾಗದವನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟೆ.

ವರ್ಷ ಕಳೆಯಿತು. ಅದೇ ಹೆಡ್ ಕ್ಲಾರ್ಕು ತನ್ನ ಮಗನಿಗೆ ಹೆಣ್ಣು ಹುಡುಕುತ್ತಿದ್ದಾನೆ ಎಂದು ಮದುವೆ ದಲ್ಲಾಳಿಯಿಂದ ಗೊತ್ತಾಯಿತು. "ಅವರನ್ನೇ ಕರ್ಕೊಂಡು ಬನ್ನಿ" ಎಂದೆ. ಯಾರು ಬರುತ್ತಾರೆಂದು ಅಪ್ಪನಿಗೆ ಹೇಳಲಿಲ್ಲ.

ಭಾನುವಾರ ಬಂದರು. ಅವನನ್ನು ಕಂಡು ಅಪ್ಪನ ಮುಖ ಬಿಳಿಚಿತು. ಅವನಿಗೋ ನಮ್ಮ ಗುರುತೇ ಹತ್ತಲಿಲ್ಲ. ಎಷ್ಟು ಮನೆಯ ಕೇಸರಿಬಾತು ತಿಂದಿದ್ದನೋ! ತಟ್ಟೆ ಖಾಲಿ ಮಾಡಿ, "ಹಾಡು ಬರುತ್ತೇನಮ್ಮಾ?" ಎಂದ.

"ಹಾಡು ಬರಲ್ಲ. ಓದೋಕೆ ಬರುತ್ತೆ."

ಕಾಗದ ತೆಗೆದು ಸಾಲು ಸಾಲಾಗಿ ಕನ್ನಡ ಮಾಡಿ ಓದಿದೆ. ಹತ್ತಡಿ ಮೇಲೆದ್ದದ್ದನ್ನು ಬೇಕೆಂದೇ ಎರಡು ಸಲ ಓದಿದೆ. ಮಡಿಸಿಟ್ಟು, "ಈಗ ನಗಿ ಸಾರ್! ಅವತ್ತು ನಮ್ಮಪ್ಪನ್ನ ನೋಡಿ ನಕ್ಕಿದ್ರಲ್ಲ, ಈಗ ನಗಿ!" ಎಂದೆ.

"ನಾನಾ? ಯಾವಾಗಮ್ಮಾ?" ಎಂದ. ನಾಟಕವಲ್ಲ, ನಿಜವಾಗಿ ಮರೆತಿದ್ದ. ನಾನು ಒಂದು ದಿನವೂ ಮರೆಯದೆ ಕುದಿದದ್ದನ್ನು ಆ ಮಹಾನುಭಾವ ಮರೆತಿದ್ದ! ಅವನ ಹೆಂಡತಿ ಮುಖ ಕೆಂಪಗೆ ಮಾಡಿಕೊಂಡು ಎದ್ದಳು. ಎಲ್ಲರೂ ಚಪ್ಪಲಿ ಮೆಟ್ಟಿ ಹೊರಟರು. ಹೊಟ್ಟೆ ತಣ್ಣಗಾಯಿತು ಎಂದುಕೊಂಡು ನಾನು ಅಪ್ಪನ ಕಡೆ ತಿರುಗಿದೆ.

ಅಪ್ಪ ಕಾಗದಕ್ಕೆ ಕೈ ಚಾಚಿ ನಿಂತಿದ್ದರು. "ಬದುಕಿದಾನೇನೇ ಅವನು?" ಎಂದರು. ಆ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡು ಎಷ್ಟೋ ಕಾಲವಾಗಿತ್ತು. ಕಾಗದವನ್ನು ಕೊನೆಯವರೆಗೆ ಓದಿ, ಮತ್ತೆ ಮೇಲಿನ ತಾರೀಖು ನೋಡಿದರು.

"ಇದು ಬಂದು ವರ್ಷದ ಮೇಲಾಯ್ತಲ್ಲೇ. ಬೇಗ ಬರೀ ಅಂದಿದಾನಲ್ಲೇ."

ಅಪ್ಪ ಆಗಲೇ ಕೂತು ನಾಲ್ಕು ಪುಟ ಬರೆದರು. ಮಾರನೆಯ ದಿನದಿಂದಲೇ ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಗೇಟಿಗೆ ಹೋಗುತ್ತಿದ್ದರು.

ಎರಡು ತಿಂಗಳಿಗೆ ಪೈಲಟ್‌ನ ಹೆಂಡತಿಯಿಂದ ಉತ್ತರ ಬಂತು. ಅವನು ತೀರಿಕೊಂಡು ಐದು ತಿಂಗಳಾಗಿತ್ತು. ಹಾಸಿಗೆ ಹಿಡಿದ ಮೇಲೂ, ಇಂಡಿಯಾದಿಂದ ಏನಾದರೂ ಬಂತೇ ಎಂದು ದಿನಾ ಕೇಳುತ್ತಿದ್ದನಂತೆ.

ಅಪ್ಪ ನನ್ನನ್ನು ಬೈಯಲಿಲ್ಲ. ಓದಿ ಮುಗಿಸಿ, ಆ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ನನ್ನ ಕೈಗೆ ಕೊಟ್ಟರು.

"ಇದನ್ನೂ ಇಟ್ಕೋ" ಎಂದರು.